ತಂಡ ಯಾರದು?

2017ರ ನವೆಂಬರ್ 26, ಭಾನುವಾರ. ಅಮೆರಿಕದ ಟೆನೆಸಿ ರಾಜ್ಯದ ನಾಕ್ಸ್‌ವಿಲ್ ನಗರದಲ್ಲಿ ಒಂದು ಸುದ್ದಿ ಹಬ್ಬಿತು: ಟೆನೆಸಿ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಗ್ರೆಗ್ ಶಿಯಾನೊ ಹೊಸ ಕೋಚ್ ಆಗಿ ಬರುತ್ತಿದ್ದಾರೆ. ರಾತ್ರಿಯಾಗುವಷ್ಟರಲ್ಲಿ ಆ ನೇಮಕ ಮುರಿದುಬಿದ್ದಿತ್ತು. ನಡುವಿನ ಕೆಲವೇ ಗಂಟೆಗಳಲ್ಲಿ ವಿದ್ಯಾರ್ಥಿಗಳು ಕ್ಯಾಂಪಸ್ಸಿನ ಹೆಬ್ಬಂಡೆಯ ಮೇಲೆ ಬಣ್ಣದಲ್ಲಿ ಪ್ರತಿಭಟನೆ ಬರೆದರು. ಕ್ರೀಡಾಂಗಣದ ಹೊರಗೆ ಜನ ಜಮಾಯಿಸಿದರು. ರಾಜ್ಯದ ಶಾಸಕರು ಬಹಿರಂಗವಾಗಿ ವಿರೋಧಿಸಿದರು. ಬಹುತೇಕ ಕುದುರಿದ್ದ ಒಪ್ಪಂದದಿಂದ ವಿಶ್ವವಿದ್ಯಾಲಯ ಹಿಂದೆ ಸರಿಯಿತು.

ತಂಡ ಆ ವರ್ಷ ಎಂಟು ಪಂದ್ಯ ಸೋತಿತ್ತು. ಅದರ ಇತಿಹಾಸದಲ್ಲಿ ಒಂದೇ ಋತುವಿನಲ್ಲಿ ಅಷ್ಟು ಸೋಲು ಅದೇ ಮೊದಲು. ಹಿಂದಿನ ಕೋಚ್ ಕೆಲಸ ಕಳೆದುಕೊಂಡಾಗಿತ್ತು, ಅಭಿಮಾನಿಗಳ ಸಹನೆ ಮುಗಿದಿತ್ತು. ಆದರೆ ಆ ದಿನ ಸಿಟ್ಟಿಗೆ ಬೆಂಕಿ ತಗುಲಿಸಿದ್ದು ಬೇರೆ ವಿಷಯ. ಶಿಯಾನೊ 1990ರ ದಶಕದ ಮೊದಲಾರ್ಧದಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಹಾಯಕ ಕೋಚ್ ಆಗಿದ್ದರು. ಅಲ್ಲಿಯ ಇನ್ನೊಬ್ಬ ಸಹಾಯಕ ಕೋಚ್ ಜೆರ್ರಿ ಸ್ಯಾಂಡಸ್ಕಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದು 2011ರಲ್ಲಿ ಬಯಲಾಗಿ ಮರುವರ್ಷ ಆತನಿಗೆ ಶಿಕ್ಷೆಯೂ ಆಗಿತ್ತು. ಅದಕ್ಕೆ ಸಂಬಂಧಿಸಿದ ದಾವೆಯೊಂದರಲ್ಲಿ ಸಾಕ್ಷಿಯೊಬ್ಬರು, ಶಿಯಾನೊಗೂ ವಿಷಯ ಗೊತ್ತಿತ್ತೆಂದು ಮತ್ತೊಬ್ಬರು ಹೇಳಿದ್ದನ್ನು ಕೇಳಿದ್ದಾಗಿ ಹೇಳಿಕೆ ಕೊಟ್ಟಿದ್ದರು. ಶಿಯಾನೊ ಇದನ್ನು ಅಲ್ಲಗಳೆದಿದ್ದರು. ಅವರ ಮೇಲೆ ಯಾವ ಮೊಕದ್ದಮೆಯೂ ದಾಖಲಾಗಿರಲಿಲ್ಲ.

ಆ ಭಾನುವಾರ ಕೂಗಿದವರಲ್ಲಿ ನಿಜವಾಗಿ ಮಕ್ಕಳ ಸುರಕ್ಷತೆಗಾಗಿ ಕಳವಳಗೊಂಡವರು ಇದ್ದರು, ಇನ್ನೂ ಹೆಸರಾಂತ ಕೋಚ್ ಬೇಕಿತ್ತು ಎಂಬ ನಿರಾಸೆಗೆ ಈ ಕಾರಣವನ್ನು ಹೊದಿಸಿದವರೂ ಇದ್ದರು. ಯಾರು ಎಷ್ಟು ಎಂದು ಬೇರ್ಪಡಿಸಲು ಸಾಧ್ಯವಿಲ್ಲ. ಐದೇ ದಿನಗಳಲ್ಲಿ ಕ್ರೀಡಾ ವಿಭಾಗದ ಮುಖ್ಯಸ್ಥ ಜಾನ್ ಕರಿ ಅವರನ್ನು ಕೆಲಸದಿಂದ ದೂರವಿಟ್ಟರು. ಅಭಿಮಾನಿಗಳ ಅಚ್ಚುಮೆಚ್ಚಿನ ಹಳೆಯ ಕೋಚ್ ಫಿಲಿಪ್ ಫುಲ್ಮರ್ ಆ ಕುರ್ಚಿಗೆ ಬಂದರು. ಅವರು ಆರಿಸಿದ ಕೋಚ್ ಜೆರೆಮಿ ಪ್ರುಯಿಟ್ ಅವರನ್ನು 2021ರ ಜನವರಿಯಲ್ಲಿ ವಜಾ ಮಾಡಬೇಕಾಯಿತು. ಆಟಗಾರರನ್ನು ಸೆಳೆಯಲು ಅವರ ಕಾಲದಲ್ಲಿ 200ಕ್ಕೂ ಹೆಚ್ಚು ನಿಯಮ ಉಲ್ಲಂಘನೆಗಳು ನಡೆದಿದ್ದವೆಂದು ತನಿಖೆಯಲ್ಲಿ ಹೊರಬಿತ್ತು, ವಿಶ್ವವಿದ್ಯಾಲಯ 80 ಲಕ್ಷ ಡಾಲರಿಗೂ ಮೀರಿ ದಂಡ ತೆರಬೇಕಾಯಿತು. ಶಿಯಾನೊ 2019ರ ಕೊನೆಯಲ್ಲಿ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದ ಕೋಚ್ ಆದರು.

ಒಂದು ಸರ್ಕಾರಿ ವಿಶ್ವವಿದ್ಯಾಲಯದ ನೇಮಕವನ್ನು ಪ್ರೇಕ್ಷಕರು ಒಂದೇ ಸಂಜೆಯಲ್ಲಿ ರದ್ದು ಮಾಡಿಸುವುದು ನಮಗೆ ಅರ್ಥವಾಗಲು ಸ್ವಲ್ಪ ಕಷ್ಟ. ನಮ್ಮಲ್ಲಿ ಅಂತರಕಾಲೇಜು ಪಂದ್ಯವೆಂದರೆ ಆಡುವ ಹುಡುಗರ ಸ್ನೇಹಿತರು, ಒಬ್ಬ ದೈಹಿಕ ಶಿಕ್ಷಣ ನಿರ್ದೇಶಕರು, ಬೇಲಿಯಾಚೆ ನಿಂತ ನಾಲ್ಕು ಜನ. ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,07,601 ಆಸನಗಳಿವೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹಿಡಿಸುವ ಜನರ ಎರಡೂವರೆ ಪಟ್ಟಿಗೂ ಹೆಚ್ಚು. ಅದಿರುವ ಆ್ಯನ್ ಆರ್ಬರ್ ಊರಿನ ಜನಸಂಖ್ಯೆಯೇ ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ. ಲಕ್ಷ ಆಸನ ದಾಟಿದ ಇಂಥ ಕಾಲೇಜು ಕ್ರೀಡಾಂಗಣಗಳು ಆ ದೇಶದಲ್ಲಿ ಏಳೆಂಟು ಇವೆ. ಪರ್ಡ್ಯೂಗೋ ಟೆಕ್ಸಾಸ್ ಎ ಅಂಡ್ ಎಂಗೋ ಎಂ.ಎಸ್. ಮಾಡಲು ಹೋಗುವ ಕರ್ನಾಟಕದ ಹುಡುಗ ಹುಡುಗಿಯರಿಗೆ ಸೆಪ್ಟೆಂಬರಿನ ಮೊದಲ ಶನಿವಾರಗಳಲ್ಲೇ ಇದರ ಅರಿವಾಗುತ್ತದೆ. ಊರಿಗೆ ಊರೇ ಒಂದು ಬಣ್ಣ ಉಟ್ಟಿರುತ್ತದೆ, ಬೆಳಿಗ್ಗೆಯಿಂದಲೇ ಪಾರ್ಕಿಂಗ್ ಜಾಗಗಳಲ್ಲಿ ಕಾರಿನ ಹಿಂಬಾಗಿಲು ತೆರೆದು ಒಲೆ ಹೊತ್ತಿಸಿ ಅಡುಗೆ ನಡೆದಿರುತ್ತದೆ, ಪುಸ್ತಕ ತರಲು ಲೈಬ್ರರಿಯವರೆಗೆ ಹೋಗುವುದೂ ಕಷ್ಟವಾಗುತ್ತದೆ.

ಆಟ ಅಮೆರಿಕನ್ ಫುಟ್‌ಬಾಲ್. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಎರಡು ಕಾಲೇಜುಗಳ ನಡುವೆ ಇದರ ಮೊದಲ ಪಂದ್ಯ ನಡೆದದ್ದು 1869ರ ನವೆಂಬರ್ 6ರಂದು. ರಟ್ಗರ್ಸ್ ಪ್ರಿನ್ಸ್‌ಟನ್ ತಂಡವನ್ನು 6–4ರಲ್ಲಿ ಸೋಲಿಸಿತು. ಕಾಲೇಜುಗಳ ನಡುವಿನ ಸ್ಪರ್ಧೆ ಅದಕ್ಕೂ ಹಳೆಯದು. 1852ರಲ್ಲಿ ಹಾರ್ವರ್ಡ್ ಮತ್ತು ಯೇಲ್ ವಿದ್ಯಾರ್ಥಿಗಳು ನ್ಯೂ ಹ್ಯಾಂಪ್‌ಶೈರಿನ ಸರೋವರವೊಂದರಲ್ಲಿ ದೋಣಿ ಓಟಕ್ಕಿಳಿದಾಗ ಅವರ ಖರ್ಚು ವಹಿಸಿಕೊಂಡದ್ದು ಒಂದು ರೈಲ್ವೆ ಕಂಪನಿ. ಆ ಸರೋವರಕ್ಕೆ ಪ್ರಯಾಣಿಕರನ್ನು ಕರೆತರುವುದು ಅದಕ್ಕೆ ಬೇಕಿತ್ತು. ಹಣ ಬಂದ ಮೇಲೆ ಕಾಲೇಜು ಕ್ರೀಡೆ ಕೆಟ್ಟಿತು ಎಂದು ಅಲ್ಲಿಯ ಹಿರಿಯ ಅಭಿಮಾನಿಗಳು ಇಂದಿಗೂ ಹೇಳುತ್ತಾರೆ. ಆದರೆ ಹಣವಿಲ್ಲದ ಕಾಲವೊಂದು ಅಲ್ಲಿ ಇದ್ದದ್ದಕ್ಕೆ ಪುರಾವೆ ಸಿಗುವುದಿಲ್ಲ.

ವೃತ್ತಿಪರ ತಂಡಗಳು ಮಹಾನಗರಗಳಲ್ಲಿ ಬೇರುಬಿಟ್ಟವು. ಅಲಬಾಮಾ, ನೆಬ್ರಾಸ್ಕಾದಂಥ ರಾಜ್ಯಗಳಿಗೆ ಇವತ್ತಿಗೂ ಅಗ್ರ ವೃತ್ತಿಪರ ಲೀಗಿನ ಫುಟ್‌ಬಾಲ್ ತಂಡವಿಲ್ಲ. ಅಲ್ಲಿಯ ರೈತ, ಗ್ಯಾರೇಜಿನವ, ಶಾಲೆಯ ಮೇಡಂ ಎಲ್ಲರಿಗೂ ವಿಶ್ವವಿದ್ಯಾಲಯದ ತಂಡವೇ ತಮ್ಮ ತಂಡ. ಲಿಂಕನ್ ನಗರದಲ್ಲಿರುವ ನೆಬ್ರಾಸ್ಕಾದ ಕ್ರೀಡಾಂಗಣದ ಟಿಕೆಟುಗಳು 1962ರಿಂದ ಪ್ರತಿ ಪಂದ್ಯಕ್ಕೂ ಪೂರ್ತಿ ಮಾರಾಟವಾಗುತ್ತ ಬಂದಿವೆ. ತಂಡ ಸೋತು ಸುಣ್ಣವಾದ ವರ್ಷಗಳಲ್ಲೂ ಆ ಸರಣಿ ಕಡಿದಿಲ್ಲ. ತೆರಿಗೆ ಕಟ್ಟುವವರು ಇವರು, ದೇಣಿಗೆ ಕೊಡುವವರು ಇವರು, ಮಗಳನ್ನು ಅದೇ ಕಾಲೇಜಿಗೆ ಕಳುಹಿಸುವವರೂ ಇವರೇ. ಹೆಚ್ಚಿನ ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪಟ್ಟಿಯ ತುದಿಯಲ್ಲಿ ಇರುವುದು ರಾಜ್ಯಪಾಲರ ಹೆಸರಲ್ಲ. ಫುಟ್‌ಬಾಲ್ ಅಥವಾ ಬಾಸ್ಕೆಟ್‌ಬಾಲ್ ಕೋಚ್‌ನ ಹೆಸರು. ಟೆಕ್ಸಾಸ್ ಎ ಅಂಡ್ ಎಂ 2023ರ ನವೆಂಬರಿನಲ್ಲಿ ಜಿಂಬೊ ಫಿಶರ್ ಅವರನ್ನು ಅವಧಿಗೆ ಮೊದಲೇ ಬಿಡುಗಡೆ ಮಾಡಿದಾಗ ಒಪ್ಪಂದದಂತೆ ಅವರಿಗೆ ಕೊಡಬೇಕಾದ ಮೊತ್ತ ಏಳೂವರೆ ಕೋಟಿ ಡಾಲರಿಗೂ ಹೆಚ್ಚಿತ್ತು. ಒಬ್ಬ ಕೋಚ್ ಕೆಲಸ ಮಾಡದಿರುವುದಕ್ಕೆ ಅಷ್ಟು ಹಣ! ಇಂಥ ತೀರ್ಮಾನದ ಬಗ್ಗೆ ಊರು ಮಾತನಾಡದೆ ಇರಲು ಹೇಗೆ ಸಾಧ್ಯ?

ವಾದಗಳಲ್ಲಿ ಅತ್ಯಂತ ರಸವತ್ತಾದವು ಮೈದಾನದೊಳಗಿನ ನಿರ್ಧಾರಗಳ ಬಗ್ಗೆ ನಡೆಯುತ್ತವೆ. 2018ರ ಜನವರಿ 8ರ ರಾತ್ರಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ಪಂದ್ಯದ ಅರ್ಧ ಮುಗಿದಾಗ ಜಾರ್ಜಿಯಾ ಎದುರು ಅಲಬಾಮಾ 0–13ರಿಂದ ಹಿಂದಿತ್ತು. ಅಲಬಾಮಾದ ಕೋಚ್ ನಿಕ್ ಸೇಬನ್, ಎರಡು ವರ್ಷ ತಂಡವನ್ನು ಗೆಲ್ಲಿಸುತ್ತ ಬಂದಿದ್ದ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್‌ನನ್ನು ಕೂರಿಸಿ, ಮೊದಲ ವರ್ಷದ ವಿದ್ಯಾರ್ಥಿ ಟುವಾ ಟಾಗೊವೈಲೊವಾನನ್ನು ಇಳಿಸಿದರು. ಕ್ವಾರ್ಟರ್‌ಬ್ಯಾಕ್ ಎಂದರೆ ತಂಡದ ದಾಳಿಯನ್ನು ನಡೆಸುವವ. ಬಹುತೇಕ ಪ್ರತಿ ಬಾರಿಯೂ ಚೆಂಡು ಮೊದಲು ಅವನ ಕೈಗೇ ಬರುತ್ತದೆ. ಹೆಚ್ಚುವರಿ ಅವಧಿಯಲ್ಲಿ ಟುವಾ 41 ಗಜದ ಒಂದೇ ಎಸೆತದಲ್ಲಿ ಪಂದ್ಯ ಮುಗಿಸಿದ. 26–23. ಸೇಬನ್ ಸರಿ ಎಂದು ಫಲಿತಾಂಶವೇ ಹೇಳಿತು, ಆದರೂ ವಾದ ನಿಲ್ಲಲಿಲ್ಲ. ಗೆದ್ದುಕೊಟ್ಟವನನ್ನು ದೇಶದ ಕಣ್ಣೆದುರು ಕೂರಿಸಿದ್ದು ನ್ಯಾಯವೇ? ಮುಂದಿನ ವರ್ಷ ಯಾರು ಆಡಬೇಕು? ಆ ಇಡೀ ಬೇಸಿಗೆ ಅಲಬಾಮಾದಲ್ಲಿ ಇದೇ ಮಾತು. ಡಿಸೆಂಬರಿನಲ್ಲಿ ಅದೇ ಜಾರ್ಜಿಯಾ ಎದುರು ಟುವಾ ಗಾಯಗೊಂಡಾಗ ಹರ್ಟ್ಸ್ ಬೆಂಚಿನಿಂದೆದ್ದು ಬಂದು 35–28ರಲ್ಲಿ ಗೆಲ್ಲಿಸಿದ. ಆಮೇಲೆ ಒಕ್ಲಹೋಮಕ್ಕೆ ವರ್ಗವಾದ. 2025ರ ಫೆಬ್ರುವರಿಯಲ್ಲಿ ವೃತ್ತಿಪರ ಫುಟ್‌ಬಾಲಿನ ಸೂಪರ್ ಬೌಲ್ ಪಂದ್ಯದ ಶ್ರೇಷ್ಠ ಆಟಗಾರನೂ ಆದ.

ಈ ರಸವೇ ವಿಷವಾಗುವುದೂ ಇದೆ. 2013ರ ನವೆಂಬರ್ 30ರಂದು ಆಬರ್ನ್ ಮತ್ತು ಅಲಬಾಮಾ ತಂಡಗಳು 28–28ರಲ್ಲಿ ಸಮನಾಗಿದ್ದವು. ಕೊನೆಯ ಒಂದು ಸೆಕೆಂಡ್ ಉಳಿದಿತ್ತು. ಅಲಬಾಮಾ 57 ಗಜ ದೂರದಿಂದ ಗೋಲಿಗೆ ಒದೆಯಲು ನಿರ್ಧರಿಸಿತು. ಚೆಂಡು ಗುರಿ ಮುಟ್ಟದೆ ಆಬರ್ನ್‌ನ ಕ್ರಿಸ್ ಡೇವಿಸ್ ಕೈಗೆ ಬಿತ್ತು, ಆತ ಮೈದಾನದ ಆ ತುದಿಯಿಂದ ಈ ತುದಿಗೆ ಓಡಿ ಪಂದ್ಯ ಗೆಲ್ಲಿಸಿದ. ಒದೆಯುವ ನಿರ್ಧಾರ ತಪ್ಪೇ ಸರಿಯೇ ಎಂದು ಅಲಬಾಮಾದವರು ಇಂದಿಗೂ ಚರ್ಚಿಸುತ್ತಾರೆ, ಅದು ಅವರ ಹಕ್ಕು. ಆದರೆ ಅದೇ ಪಂದ್ಯದಲ್ಲಿ ಅದಕ್ಕೂ ಮೊದಲು ಗುರಿ ತಪ್ಪಿದ್ದ ಇನ್ನೊಬ್ಬ ವಿದ್ಯಾರ್ಥಿಗೆ ಆ ರಾತ್ರಿ ಕೊಲೆ ಬೆದರಿಕೆಗಳು ಬಂದವು. ಮಾಜಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಆ ಹುಡುಗನಿಗೆ ಸಮಾಧಾನದ ಪತ್ರ ಬರೆದರು. ಆಬರ್ನ್ ಮತ್ತು ಅಲಬಾಮಾ ಅಭಿಮಾನಿಗಳ ವೈರ ಅದಕ್ಕೂ ಮೊದಲೇ ಮಿತಿ ಮೀರಿತ್ತು. 2011ರ ಜನವರಿಯಲ್ಲಿ ಪಾಲ್ ಫೈನ್‌ಬಾಮ್ ನಡೆಸುವ ರೇಡಿಯೋ ಕಾರ್ಯಕ್ರಮಕ್ಕೆ ಫೋನು ಮಾಡಿದ ಅಲಬಾಮಾ ಅಭಿಮಾನಿಯೊಬ್ಬ, ಆಬರ್ನ್ ಊರಿನ ಟೂಮರ್ಸ್ ಕಾರ್ನರ್ ವೃತ್ತದ ಹಳೆಯ ಓಕ್ ಮರಗಳಿಗೆ ವಿಷ ಹಾಕಿದ್ದೇನೆ ಎಂದ. ಅದು ನಿಜವಾಗಿತ್ತು. ಗೆದ್ದಾಗಲೆಲ್ಲ ಊರಿನವರು ಸೇರಿ ಸಂಭ್ರಮಿಸುತ್ತಿದ್ದ ಆ ಮರಗಳನ್ನು 2013ರಲ್ಲಿ ಕಡಿಯಬೇಕಾಯಿತು.

ಕ್ರೀಡೆಯ ಮೇಲಿನ ಜೂಜನ್ನು ತಡೆಯುತ್ತಿದ್ದ ಕೇಂದ್ರ ಕಾನೂನನ್ನು 2018ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದ ಮೇಲೆ ಬೈಗುಳಕ್ಕೆ ಇನ್ನೊಂದು ಕಾರಣ ಸಿಕ್ಕಿದೆ. ಒಬ್ಬ ವಿದ್ಯಾರ್ಥಿ ಪಂದ್ಯದಲ್ಲಿ ಎಷ್ಟು ಅಂಕ ಗಳಿಸುತ್ತಾನೆ ಎಂಬುದರ ಮೇಲೂ ಬಾಜಿ ಕಟ್ಟಬಹುದು; ಸೋತವನ ಸಿಟ್ಟು ನೇರವಾಗಿ ಆ ವಿದ್ಯಾರ್ಥಿಯ ಮೊಬೈಲಿಗೆ ಬಂದು ಬೀಳುತ್ತದೆ. ಇಂಥ ಬಾಜಿಯನ್ನು ಒಹಾಯೊ 2024ರಲ್ಲಿ ನಿಷೇಧಿಸಿತು. ಉಳಿದ ರಾಜ್ಯಗಳೂ ನಿಷೇಧಿಸಲಿ ಎಂದು ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘವಾದ ಎನ್‌ಸಿಎಎ ಅಧ್ಯಕ್ಷ ಚಾರ್ಲಿ ಬೇಕರ್ ಕೇಳಿಕೊಂಡರು.

ಅಭಿಮಾನಿಗಳ ಹಟ ಒಳ್ಳೆಯ ದಾರಿ ಹಿಡಿದಾಗ ಏನಾಗುತ್ತದೆ ಎಂಬುದಕ್ಕೆ ಬರ್ಮಿಂಗ್‌ಹ್ಯಾಮ್ ಸಾಕ್ಷಿ. ಇದು ಇಂಗ್ಲೆಂಡಿನದಲ್ಲ, ಅಲಬಾಮಾ ರಾಜ್ಯದ್ದು. ಅಲ್ಲಿಯ ಯುಎಬಿ ವಿಶ್ವವಿದ್ಯಾಲಯ 2014ರ ಡಿಸೆಂಬರ್ 2ರಂದು ತನ್ನ ಫುಟ್‌ಬಾಲ್ ತಂಡವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಜೊತೆಗೆ ಬೌಲಿಂಗ್ ಮತ್ತು ರೈಫಲ್ ತಂಡಗಳೂ ಹೋದವು. ಖರ್ಚು ನಿಭಾಯಿಸಲಾಗದು, ಲೆಕ್ಕ ಕೂಡುವುದಿಲ್ಲ ಎಂಬುದು ಅಧ್ಯಕ್ಷ ರೇ ವಾಟ್ಸ್ ಕೊಟ್ಟ ಕಾರಣ. ವರ್ಷಗಳ ನಂತರ ತಂಡ ಆಗಷ್ಟೇ ಚೇತರಿಸಿಕೊಂಡಿತ್ತು, ಹನ್ನೆರಡರಲ್ಲಿ ಆರು ಪಂದ್ಯ ಗೆದ್ದಿತ್ತು. ಸುದ್ದಿ ಹೇಳಲು ವಾಟ್ಸ್ ಬಂದಾಗ ಆಟಗಾರರು ಅವರ ಮುಖದೆದುರೇ ಅತ್ತರು, ಕೂಗಾಡಿದರು. ಹೊರಗೆ ಜನ ಕಾಯುತ್ತಿದ್ದರು.

ಮುಂದಿನ ಆರು ತಿಂಗಳಲ್ಲಿ ಬರ್ಮಿಂಗ್‌ಹ್ಯಾಮ್ ಜನ ಮಾಡಿದ್ದು ನಿಧಾನದ, ಬೇಸರ ತರಿಸುವ ಕೆಲಸ. ಹಾಗಾಗಿಯೇ ಅದು ಫಲ ಕೊಟ್ಟಿತು ಎನ್ನಬೇಕು. ಘೋಷಣೆ ಕೂಗಿದ ಮೇಲೆ ಅವರು ಲೆಕ್ಕದ ಪುಸ್ತಕಕ್ಕೇ ಕೈ ಹಾಕಿದರು. ವಿಶ್ವವಿದ್ಯಾಲಯ ಮಾಡಿಸಿದ್ದ ವರದಿಯ ಅಂಕಿಗಳನ್ನು ಬೇರೆ ಅರ್ಥಶಾಸ್ತ್ರಜ್ಞರಿಂದ ಪರಿಶೀಲಿಸಿದಾಗ ಮುಚ್ಚುವುದರಿಂದ ಉಳಿತಾಯವಾಗುತ್ತದೆ ಎಂಬ ಮಾತೇ ಪ್ರಶ್ನೆಗೊಳಗಾಯಿತು. ಸ್ಥಳೀಯ ವ್ಯಾಪಾರಸ್ಥರು, ಹಳೆಯ ವಿದ್ಯಾರ್ಥಿಗಳು, ನಗರಸಭೆ ಹಣದ ವಾಗ್ದಾನ ಕೊಟ್ಟರು. 2015ರ ಜೂನ್ 1ರಂದು ಮೂರೂ ಕ್ರೀಡೆಗಳನ್ನು ಮತ್ತೆ ಆರಂಭಿಸುವುದಾಗಿ ವಾಟ್ಸ್ ಪ್ರಕಟಿಸಿದರು. ಕೋಚ್ ಬಿಲ್ ಕ್ಲಾರ್ಕ್ ತಂಡವಿಲ್ಲದ ಕಾಲದಲ್ಲೂ ಅಲ್ಲೇ ಉಳಿದಿದ್ದರು. 2017ರಲ್ಲಿ ಮರಳಿ ಮೈದಾನಕ್ಕಿಳಿದ ತಂಡ ಆ ವರ್ಷ ಎಂಟು ಪಂದ್ಯ ಗೆದ್ದಿತು, ಮರುವರ್ಷ ಕಾನ್ಫರೆನ್ಸ್ ಎನ್ನುವ ತನ್ನ ಕಾಲೇಜು ಗುಂಪಿನ ಚಾಂಪಿಯನ್ ಆಯಿತು.

ಸ್ಟ್ಯಾನ್‌ಫರ್ಡ್ ಕತೆ ಇದಕ್ಕೆ ಹತ್ತಿರದ್ದು, ಆದರೆ ಅಲ್ಲಿ ಹೋರಾಡಿದ್ದು ಯಾರೂ ಟಿಕೆಟ್ ಕೊಂಡು ನೋಡದ ಆಟಗಳಿಗಾಗಿ. ಅಗಾಧ ಸಂಪತ್ತಿನ ಆ ವಿಶ್ವವಿದ್ಯಾಲಯ 2020ರ ಜುಲೈನಲ್ಲಿ ತನ್ನ 36 ಕ್ರೀಡೆಗಳಲ್ಲಿ 11ನ್ನು ನಿಲ್ಲಿಸುವುದಾಗಿ ಹೇಳಿತು. ಕುಸ್ತಿ, ಕತ್ತಿವರಸೆ, ಹಾಕಿ, ಪುರುಷರ ವಾಲಿಬಾಲ್, ಹುಟ್ಟು ಹಾಕುವ ದೋಣಿ ಎಲ್ಲ ಆ ಪಟ್ಟಿಯಲ್ಲಿದ್ದವು. 240ಕ್ಕೂ ಹೆಚ್ಚು ವಿದ್ಯಾರ್ಥಿಗಳ ಆಟ ಅಲ್ಲಿಗೆ ಮುಗಿಯುವುದರಲ್ಲಿತ್ತು. ಈ 11 ಕ್ರೀಡೆಗಳು ಸೇರಿ 27 ಒಲಿಂಪಿಕ್ ಪದಕ ತಂದಿದ್ದವು. ಹಳೆಯ ಆಟಗಾರರು ಒಂದಾದರು, ಹಣ ಕೂಡಿಸಿದರು, ಆಡುತ್ತಿದ್ದ ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 2021ರ ಮಾರ್ಚಿನಲ್ಲಿ ಶೇನ್ ಗ್ರಿಫಿತ್ ಎಂಬ ಕುಸ್ತಿಪಟು ವಿಶ್ವವಿದ್ಯಾಲಯದ ಗುರುತೇ ಇಲ್ಲದ ಬರಿಯ ಕಪ್ಪು ಉಡುಪಿನಲ್ಲಿ ಕಣಕ್ಕಿಳಿದು ರಾಷ್ಟ್ರೀಯ ಪ್ರಶಸ್ತಿ ಗೆದ್ದ. ಮೇ ತಿಂಗಳಲ್ಲಿ ಸ್ಟ್ಯಾನ್‌ಫರ್ಡ್ 11 ಕ್ರೀಡೆಗಳನ್ನೂ ಉಳಿಸಿಕೊಂಡಿತು.

ಈ ಎರಡು ಪ್ರಸಂಗಗಳನ್ನು ಟೆನೆಸಿಯ ಭಾನುವಾರದ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಬರ್ಮಿಂಗ್‌ಹ್ಯಾಮ್‌ನಲ್ಲೂ ಸ್ಟ್ಯಾನ್‌ಫರ್ಡ್‌ನಲ್ಲೂ ಜನ ನಿಂತದ್ದು ಆಡುವ ಮಕ್ಕಳ ಪರವಾಗಿ, ಕೈಯಲ್ಲಿ ಅಂಕಿಅಂಶ ಹಿಡಿದು. ಟೆನೆಸಿಯಲ್ಲಿ ಅವರು ನಿಂತದ್ದು ಒಬ್ಬ ವ್ಯಕ್ತಿಯ ವಿರುದ್ಧ, ಒಂದು ಕೇಳಿಕೆಯ ಮಾತಿನ ಆಧಾರದ ಮೇಲೆ. ಗೆಲುವು ಮೂರೂ ಕಡೆ ಸಿಕ್ಕಿತು. ಹಾಗಾಗಿ ಗೆಲುವನ್ನೇ ಸರಿತನದ ಅಳತೆಗೋಲು ಮಾಡಿಕೊಳ್ಳಲು ಆಗುವುದಿಲ್ಲ.

ಜನರ ಕೂಗಿಗೆ ಯಾರೂ ಕಿವಿಗೊಡದ ಪ್ರಸಂಗಗಳೂ ಉಂಟು. 2023ರಲ್ಲಿ ಫ್ಲೋರಿಡಾ ಸ್ಟೇಟ್ ತಂಡ ಆಡಿದ 13 ಪಂದ್ಯಗಳನ್ನೂ ಗೆದ್ದಿತ್ತು. ರಾಷ್ಟ್ರೀಯ ಪ್ಲೇಆಫ್‌ನಲ್ಲಿ ಆಗ ಇದ್ದದ್ದು ನಾಲ್ಕೇ ಜಾಗ, ಆರಿಸುವುದು 13 ಜನರ ಸಮಿತಿ. ಡಿಸೆಂಬರ್ 3ರಂದು ಪಟ್ಟಿ ಬಂದಾಗ ಫ್ಲೋರಿಡಾ ಸ್ಟೇಟ್ ಹೆಸರು ಐದನೆಯದು. ಒಂದು ಪಂದ್ಯ ಸೋತಿದ್ದ ಅಲಬಾಮಾ ಒಳಗೆ. ಕಾರಣ, ಫ್ಲೋರಿಡಾ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ನವೆಂಬರ್ ಮಧ್ಯದಲ್ಲಿ ಕಾಲು ಮುರಿದುಕೊಂಡಿದ್ದ, ಅವನಿಲ್ಲದ ತಂಡ ಮೊದಲಿನ ತಂಡವಲ್ಲ ಎಂದು ಸಮಿತಿ ಭಾವಿಸಿತು. ನನ್ನ ಕಾಲು ಇನ್ನೂ ಮೊದಲೇ ಮುರಿಯಬೇಕಿತ್ತು, ಆಗ ಈ ತಂಡ ನನ್ನೊಬ್ಬನಿಂದ ಆದದ್ದಲ್ಲ ಎಂದು ನಿಮಗೆ ಗೊತ್ತಾಗುತ್ತಿತ್ತು ಎಂಬರ್ಥದ ಮಾತನ್ನು ಟ್ರಾವಿಸ್ ಆ ದಿನ ಬರೆದುಕೊಂಡ. ಓದಿದವರ ಕರುಳು ಕಿವುಚುವ ಮಾತದು.

ರಾಜ್ಯದ ಅಟಾರ್ನಿ ಜನರಲ್ ತನಿಖೆ ಆರಂಭಿಸಿದರು. ಸೆನೆಟರ್ ರಿಕ್ ಸ್ಕಾಟ್ ಸಮಿತಿಗೆ ಪತ್ರ ಬರೆದು ವಿವರಣೆ ಕೇಳಿದರು. ಸಮಿತಿ ಕದಲಲಿಲ್ಲ. ಡಿಸೆಂಬರ್ 30ರ ಆರೆಂಜ್ ಬೌಲ್ ಪಂದ್ಯದಲ್ಲಿ, ಹಲವು ಮುಖ್ಯ ಆಟಗಾರರು ಹೊರಗುಳಿದಿದ್ದ ಫ್ಲೋರಿಡಾ ಸ್ಟೇಟ್ ಜಾರ್ಜಿಯಾ ಎದುರು 3–63ರಲ್ಲಿ ಸೋತಿತು. ಸಮಿತಿ ಹೇಳಿದ್ದೇ ಸರಿಯಾಯಿತು ಎಂದವರು ಕೆಲವರು. ಅನ್ಯಾಯದಿಂದ ಮುರಿದ ತಂಡ ಹೀಗೆ ಆಡದೆ ಹೇಗೆ ಆಡೀತು ಎಂದವರು ಕೆಲವರು. ಎರಡನೆಯ ಮಾತಿಗೆ ತೂಕ ಹೆಚ್ಚು. ಎಲ್ಲವನ್ನೂ ಗೆದ್ದ ತಂಡಕ್ಕೆ ಜಾಗವಿಲ್ಲದಿದ್ದರೆ ಪಂದ್ಯಗಳನ್ನು ಆಡಿಸುವುದಾದರೂ ಏಕೆ ಎಂಬ ಪ್ರಶ್ನೆಗೆ ಸಮಿತಿಯ ಬಳಿ ನೇರ ಉತ್ತರವಿರಲಿಲ್ಲ. ಮರುವರ್ಷದಿಂದ ಪ್ಲೇಆಫ್‌ಗೆ 12 ತಂಡಗಳು ಬಂದವು. ಈ ವಿಸ್ತರಣೆ ಮೊದಲೇ ತೀರ್ಮಾನವಾಗಿತ್ತು. ಈಗ ಜಗಳ ಪಟ್ಟಿಯ ಕೊನೆಯ ಸ್ಥಾನಗಳ ಸುತ್ತ ನಡೆಯುತ್ತದೆ.

ಇನ್ನೊಂದು ನೋವು ನಕ್ಷೆಗೆ ಸಂಬಂಧಿಸಿದ್ದು. ಕಾಲೇಜುಗಳು ಅಕ್ಕಪಕ್ಕದವರೊಡನೆ ಆಡಲು ಕಾನ್ಫರೆನ್ಸ್ ಎಂಬ ಗುಂಪು ಕಟ್ಟಿಕೊಂಡಿದ್ದವು. 1984ರಲ್ಲಿ ಒಕ್ಲಹೋಮದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್, ಟಿ.ವಿ. ಪ್ರಸಾರದ ಮೇಲೆ ಎನ್‌ಸಿಎಎ ಹಿಡಿದಿದ್ದ ಏಕಸ್ವಾಮ್ಯವನ್ನು ಮುರಿಯಿತು. ಅಲ್ಲಿಂದ ಕಾನ್ಫರೆನ್ಸುಗಳು ತಾವೇ ಪ್ರಸಾರ ಹಕ್ಕು ಮಾರತೊಡಗಿದವು, ದೊಡ್ಡ ಟಿ.ವಿ. ಹಣದ ಹಿಂದೆ ಕಾಲೇಜುಗಳು ಗುಂಪು ಬದಲಿಸತೊಡಗಿದವು. 1915ರಲ್ಲಿ ಬೇರುಬಿಟ್ಟ ಪಶ್ಚಿಮ ಕರಾವಳಿಯ ಪ್ಯಾಕ್-12 ಗುಂಪಿನಿಂದ 2022ರ ಬೇಸಿಗೆಯಲ್ಲಿ ಲಾಸ್ ಏಂಜಲೀಸಿನ ಯುಎಸ್‌ಸಿ ಮತ್ತು ಯುಸಿಎಲ್‌ಎ ಹೊರಡುವುದಾಗಿ ಪ್ರಕಟಿಸಿದವು. ಮರುವರ್ಷ ಉಳಿದವುಗಳಲ್ಲಿ ಹೆಚ್ಚಿನವೂ ಅದೇ ದಾರಿ ಹಿಡಿದವು. ಕೊನೆಗೆ ಒರೆಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಎರಡೇ ಉಳಿದವು. ಪೆಸಿಫಿಕ್ ದಂಡೆಯ ಸ್ಟ್ಯಾನ್‌ಫರ್ಡ್ ಈಗ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನ ಸದಸ್ಯ. ಯುಸಿಎಲ್‌ಎಯಿಂದ ತನ್ನದೇ ಗುಂಪಿನ ರಟ್ಗರ್ಸ್‌ಗೆ ದೂರ ಸುಮಾರು 4,000 ಕಿಲೋಮೀಟರ್. ಫುಟ್‌ಬಾಲ್ ತಂಡ ವರ್ಷಕ್ಕೆ ಕೆಲವು ಬಾರಿ ಮಾತ್ರ ಹೊರಗೆ ಹೋಗುತ್ತದೆ. ವಾಲಿಬಾಲ್, ಸಾಫ್ಟ್‌ಬಾಲ್ ಆಡುವ ಹೆಣ್ಣುಮಕ್ಕಳು ವಾರದ ನಡುವೆ ತರಗತಿ ಬಿಟ್ಟು ವಿಮಾನ ಹತ್ತಬೇಕು.

ನೆರೆಹೊರೆಯ ಹಳೆಯ ವೈರಗಳೂ ಇದರಲ್ಲಿ ಮುರಿದವು. ಒಕ್ಲಹೋಮ ಮತ್ತು ಒಕ್ಲಹೋಮ ಸ್ಟೇಟ್ 1910ರಿಂದ ಪ್ರತಿ ವರ್ಷ ತಪ್ಪದೆ ಫುಟ್‌ಬಾಲ್ ಆಡುತ್ತಿದ್ದವು. ಒಂದೇ ಮನೆಯಲ್ಲಿ ಅಣ್ಣ ಒಂದು ಕಡೆ, ತಂಗಿ ಇನ್ನೊಂದು ಕಡೆ. 2023ರ ನವೆಂಬರಿನಲ್ಲಿ ಆ ಸರಣಿ ನಿಂತಿತು. ಕೊನೆಯ ಪಂದ್ಯವನ್ನು ಒಕ್ಲಹೋಮ ಸ್ಟೇಟ್ 27–24ರಲ್ಲಿ ಗೆದ್ದಿತು. ಸರಣಿ ನಿಲ್ಲಲಿ ಎಂದು ಅಭಿಮಾನಿಗಳು ಕೇಳಿರಲಿಲ್ಲ. ತಮ್ಮದೆಂದು ನಂಬಿದ್ದ ತಂಡದ ಬಗ್ಗೆ ಅತಿ ದೊಡ್ಡ ನಿರ್ಧಾರವನ್ನು ಟಿ.ವಿ. ಒಪ್ಪಂದಗಳು ಬರೆದಾಗ ಅವರ ಮಾತಿಗೆ ಎಲ್ಲೂ ಜಾಗವಿರಲಿಲ್ಲ.

ಇಷ್ಟೆಲ್ಲ ವಾದಗಳಲ್ಲಿ ದಶಕಗಳ ಕಾಲ ಕೇಳದೆ ಹೋದ ಧ್ವನಿ ಆಟಗಾರರದು. 1951ರಿಂದ 1988ರವರೆಗೆ ಎನ್‌ಸಿಎಎ ನಡೆಸಿದ ವಾಲ್ಟರ್ ಬಯರ್ಸ್ ಕಾಲದಲ್ಲಿ ವಿದ್ಯಾರ್ಥಿ-ಕ್ರೀಡಾಪಟು ಎಂಬ ಹೆಸರು ಚಾಲ್ತಿಗೆ ಬಂತು. ಗಾಯಗೊಂಡ ಆಟಗಾರನನ್ನು ಕಾಲೇಜಿನ ಕೆಲಸಗಾರ ಎಂದು ಕೋರ್ಟುಗಳು ಪರಿಗಣಿಸಿ ಪರಿಹಾರ ಕೊಡಿಸುವುದನ್ನು ತಪ್ಪಿಸಲು ಅದು ಬೇಕಿತ್ತೆಂದು ಬಯರ್ಸ್ ಮುಂದೆ ತಮ್ಮ ಪುಸ್ತಕದಲ್ಲೇ ಒಪ್ಪಿಕೊಂಡರು. ಶುಲ್ಕ, ಊಟ, ವಸತಿ ಸಿಗುತ್ತಿತ್ತು. ಅದರಾಚೆ ಒಂದು ಊಟ ಕೊಡಿಸಿಕೊಂಡರೂ ತಪ್ಪು. ಬಹಳಷ್ಟು ಅಭಿಮಾನಿಗಳು ಇದನ್ನು ಪಾವಿತ್ರ್ಯವೆಂದೇ ನಂಬಿದ್ದರು. ಯುಸಿಎಲ್‌ಎಯ ಹಳೆಯ ಬಾಸ್ಕೆಟ್‌ಬಾಲ್ ಆಟಗಾರ ಎಡ್ ಒಬ್ಯಾನನ್ ಒಂದು ವಿಡಿಯೋ ಗೇಮಿನಲ್ಲಿ ತನ್ನದೇ ರೂಪವನ್ನು ಕಂಡು 2009ರಲ್ಲಿ ದಾವೆ ಹೂಡಿದರು. ಆಟ ಮಾರಿದವರಿಗೆ ಹಣ ಬಂದಿತ್ತು, ಅವರಿಗೆ ಒಂದು ಪೈಸೆಯೂ ಇಲ್ಲ. 2021ರ ಜೂನ್ 21ರಂದು ಇನ್ನೊಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಹತ್ತು ದಿನಗಳಲ್ಲಿ, ಜುಲೈ 1ರಿಂದ, ವಿದ್ಯಾರ್ಥಿಗಳು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಗಳಿಸಬಹುದಾಯಿತು. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿದ ರಾಜಿಯಂತೆ ಹಳೆಯ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಬಾಕಿ ಸಲ್ಲಬೇಕು. ಪ್ರತಿ ವಿಶ್ವವಿದ್ಯಾಲಯ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದು. ಭಾರತದಿಂದ ಹೋಗಿ ಆಡುವವರಿಗೆ ಮಾತ್ರ ಈ ಬಾಗಿಲು ಅರ್ಧವೇ ತೆರೆದಿದೆ. ಟೆನಿಸ್‌ನಲ್ಲಿ ವರ್ಜೀನಿಯಾ ಪರ ಸೋಮದೇವ್ ದೇವವರ್ಮನ್, ಎತ್ತರ ಜಿಗಿತದಲ್ಲಿ ಕ್ಯಾನ್ಸಸ್ ಸ್ಟೇಟ್ ಪರ ತೇಜಸ್ವಿನ್ ಶಂಕರ್ ಎರಡೆರಡು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಅಂಥವರು ಇಂದು ಹೋದರೂ ವಿದ್ಯಾರ್ಥಿ ವೀಸಾದ ಷರತ್ತುಗಳು ಅಂಥ ಸಂಪಾದನೆಗೆ ಅಡ್ಡ ಬರುತ್ತವೆ.

ಹಣದ ಹೊರೆ ಹೊರುವುದು ಯಾರು? ಬಹುಮಟ್ಟಿಗೆ ಅಭಿಮಾನಿಗಳೇ. ಟೆನೆಸಿ ವಿಶ್ವವಿದ್ಯಾಲಯ 2025ರ ಫುಟ್‌ಬಾಲ್ ಟಿಕೆಟುಗಳ ಮೇಲೆ ಪ್ರತಿಭಾ ಶುಲ್ಕ ಎಂಬ ಶೇ 10ರ ಹೆಚ್ಚುವರಿ ಹೊರೆಯನ್ನು ಮೊದಲೇ ಪ್ರಕಟಿಸಿತು. 2025ರ ಏಪ್ರಿಲ್‌ನಲ್ಲಿ ಅದೇ ತಂಡದ ಕ್ವಾರ್ಟರ್‌ಬ್ಯಾಕ್ ನಿಕೊ ಇಯಾಮಲೆಯಾವಾ, ವರದಿಗಳ ಪ್ರಕಾರ ಹೆಚ್ಚಿನ ಹಣದ ಮಾತುಕತೆಯ ನಡುವೆ, ಅಭ್ಯಾಸಕ್ಕೆ ಬಾರದೆ ಹೋದ. ಕೋಚ್ ಜಾಶ್ ಹೈಪಲ್ ಮರುದಿನವೇ ಅವನಿಲ್ಲದೆ ಮುಂದುವರಿಯುವುದಾಗಿ ಹೇಳಿದರು, ಆತ ಯುಸಿಎಲ್‌ಎ ಸೇರಿದ. ಒಳ್ಳೆಯದೇ ಆಯಿತು ಎಂದವರು ಬಹಳ. ಆದರೆ ಕೋಚುಗಳು ದಶಕಗಳಿಂದ ಹೆಚ್ಚು ಸಂಬಳಕ್ಕಾಗಿ ಊರು ಬಿಟ್ಟು ಹೋಗುವಾಗ ಇಲ್ಲದ ತಕರಾರು ಇಪ್ಪತ್ತರ ಹುಡುಗನ ಮೇಲೆ ಏಕೆ ಎಂದು ಕೇಳಿದವರ ಮಾತೂ ನ್ಯಾಯವಾದದ್ದೇ.

ಸದ್ಯದ ವಾದ ಹಂಚಿಕೆಯದು. ರಾಜಿಯ ಪ್ರಕಾರ ಫುಟ್‌ಬಾಲ್ ತಂಡದಲ್ಲಿ 105ಕ್ಕಿಂತ ಹೆಚ್ಚು ಜನ ಇರುವಂತಿಲ್ಲ. ಇದರಿಂದ ವಿದ್ಯಾರ್ಥಿವೇತನವಿಲ್ಲದೆ ಬರಿಯ ಆಸೆಯಿಂದ ಸೇರಿಕೊಳ್ಳುವ ಹುಡುಗರ ಜಾಗ ಕುಗ್ಗಿದೆ. ಜಾರ್ಜಿಯಾಕ್ಕೆ ಸತತ ಎರಡು ರಾಷ್ಟ್ರೀಯ ಪ್ರಶಸ್ತಿ ತಂದ ಸ್ಟೆಟ್ಸನ್ ಬೆನೆಟ್ ಹಾಗೆ ಸೇರಿಕೊಂಡವನೇ. ಇನ್ನು ಹೊಸ ಹಣದಲ್ಲಿ ಹಲವು ದೊಡ್ಡ ವಿಶ್ವವಿದ್ಯಾಲಯಗಳು ಮುಕ್ಕಾಲು ಪಾಲಿನಷ್ಟನ್ನು ಫುಟ್‌ಬಾಲಿಗೆ ಮೀಸಲಿಟ್ಟಿವೆ. ಶಿಕ್ಷಣದಲ್ಲಿ ಲಿಂಗತಾರತಮ್ಯವನ್ನು ನಿಷೇಧಿಸಿದ 1972ರ ಟೈಟಲ್ ನೈನ್ ಕಾನೂನಿಗೆ ಬಾಕಿ ಹಣದ ಹಂಚಿಕೆ ವಿರುದ್ಧವಾಗಿದೆ ಎಂದು ಕೆಲವು ಆಟಗಾರ್ತಿಯರು ರಾಜಿಯಾದ ಕೆಲವೇ ದಿನಗಳಲ್ಲಿ ಮೇಲ್ಮನವಿ ಸಲ್ಲಿಸಿದರು. ಫುಟ್‌ಬಾಲೇ ಹಣ ತರುವುದು, ಅದಕ್ಕೇ ಹೋಗಲಿ ಎಂಬ ವಾದಕ್ಕೆ ನೆಬ್ರಾಸ್ಕಾದಲ್ಲಿ ಅಷ್ಟು ಸುಲಭವಾಗಿ ತಲೆದೂಗುವುದಿಲ್ಲ. ಅಲ್ಲಿ ಮಹಿಳೆಯರ ವಾಲಿಬಾಲ್ ಪಂದ್ಯಗಳ ಟಿಕೆಟುಗಳು 2001ರಿಂದ ಪೂರ್ತಿ ಮಾರಾಟವಾಗುತ್ತಿವೆ. 2023ರ ಆಗಸ್ಟ್ 30ರಂದು ಫುಟ್‌ಬಾಲ್ ಕ್ರೀಡಾಂಗಣದ ನಡುವೆ ಅಂಕಣ ಹಾಕಿ ಆಡಿಸಿದಾಗ ಆ ಹೆಣ್ಣುಮಕ್ಕಳನ್ನು ನೋಡಲು ಬಂದವರು 92,003 ಮಂದಿ.